14ನೇ ವಾರದ ಲಸಿಕೆಯ ದಿನ ಮಗುವಿನ ಮೊಣಕೈ ನೋಡಿ

ಗೆ,
ಮಾನ್ಯ ಆಯುಕ್ತರು,
ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಇಲಾಖೆ,
ಕರ್ನಾಟಕ ಸರ್ಕಾರ, ಬೆಂಗಳೂರು.

ವಿಷಯ: ಹೆರಿಗೆ ವೇಳೆ ಕೈನರಕ್ಕೆ ಪೆಟ್ಟಾದ ಶಿಶುಗಳ ತಪಾಸಣೆ ಮತ್ತು ಪುನಶ್ಚೇತನ.

ಮಾನ್ಯರೇ,

ಹೆರಿಗೆ ವಾರ್ಡಿನಿಂದ ಮನೆಗೆ ಹೊರಟ ಕೆಲವು ಕೂಸುಗಳ ಒಂದು ಕೈ ಜೋತು ಬಿದ್ದಿರುತ್ತದೆ. ರಟ್ಟೆ ಮೈಗೆ ಅಂಟಿ ಒಳಕ್ಕೆ ತಿರುಗಿರುತ್ತದೆ, ಮೊಣಕೈ ನೆಟ್ಟಗಿರುತ್ತದೆ, ಅಂಗೈ ಹಿಂದಕ್ಕೆ ಮುಖ ಮಾಡಿರುತ್ತದೆ. ಇದೇನು ಎಂದು ಬಾಣಂತಿಯ ತಾಯಿ ಕೇಳಿದರೆ ಸಾಮಾನ್ಯವಾಗಿ ಸಿಗುವ ಉತ್ತರ ಒಂದೇ: “ನರ ಸ್ವಲ್ಪ ಎಳೆದಿದೆ, ತಾನಾಗೇ ಸರಿಹೋಗುತ್ತೆ ಬಿಡಿ.” ಮಾತು ಸುಳ್ಳೇನಲ್ಲ. ಇಂಥ ಮಕ್ಕಳಲ್ಲಿ ಹೆಚ್ಚಿನವರ ಕೈ ಮೊದಲ ಕೆಲವು ತಿಂಗಳಲ್ಲೇ ಚೇತರಿಸಿಕೊಳ್ಳುತ್ತದೆ. ಸಂಕಟ ಇರುವುದು ಉಳಿದ ಮಕ್ಕಳದು. ಅವರಿಗೆ ಬೇಕಾದ ಚಿಕಿತ್ಸೆಗೆ ಗಡುವಿದೆ. “ಸರಿಹೋಗುತ್ತೆ” ಎಂದು ನಂಬಿ ಕಾದ ಮನೆಯವರಿಗೆ ಆ ಗಡುವನ್ನು ಯಾರೂ ಹೇಳಿರುವುದಿಲ್ಲ.

ನಾವು ಮಕ್ಕಳ ಫಿಸಿಯೋಥೆರಪಿ, ಆಕ್ಯುಪೇಷನಲ್ ಥೆರಪಿ ಕೆಲಸದಲ್ಲಿರುವವರು. ಹೊಸ ಕಟ್ಟಡ ಬೇಕೆಂದು ಕೇಳುತ್ತಿಲ್ಲ, ಹೊಸ ಯಂತ್ರವನ್ನೂ ಕೇಳುತ್ತಿಲ್ಲ. ತಾಯಿ ಕಾರ್ಡಿನಲ್ಲಿ ಒಂದು ಸಾಲು ಸೇರಿಸಿ. ಆ ಸಾಲನ್ನು 6, 10 ಮತ್ತು 14ನೇ ವಾರದ ಲಸಿಕೆಯ ದಿನ ತುಂಬಿಸಿ. 14ನೇ ವಾರದಲ್ಲೂ ಮೊಣಕೈ ಮಡಚದ ಮಗು ಅದೇ ವಾರ ಜಿಲ್ಲಾಸ್ಪತ್ರೆ ತಲುಪುವಂತೆ ಮಾಡಿ. ಯಾಕೆ ಈ ದಿನಗಳೇ, ನಡುವೆ ಮನೆಯಲ್ಲಿ ಏನು ಮಾಡಬೇಕು, ಎಲ್ಲಿ ಎಡವುತ್ತೇವೆ ಎಂಬುದನ್ನು ಕೆಳಗೆ ವಿವರವಾಗಿ ಬರೆದಿದ್ದೇವೆ.

ಕತ್ತಿನ ಭಾಗದ ಬೆನ್ನುಹುರಿಯಿಂದ ಸಿ5, ಸಿ6, ಸಿ7, ಸಿ8, ಟಿ1 ಎಂಬ ಐದು ನರಬೇರುಗಳು ಹೊರಟು, ಕಾಲರ್ ಬೋನಿನ ಹಿಂದೆ ಜಡೆಯಂತೆ ಹೆಣೆದುಕೊಂಡು ಕೈಗೆ ಇಳಿಯುತ್ತವೆ. ಇದೇ ಬ್ರೇಕಿಯಲ್ ಪ್ಲೆಕ್ಸಸ್. ತಲೆ ಹೊರಬಂದ ಮೇಲೆ ಹೆಗಲು ತಾಯಿಯ ಕಿಬ್ಬೊಟ್ಟೆಯ ಕೆಳಗಿನ ಎಲುಬಿಗೆ ಸಿಕ್ಕಿಕೊಂಡರೆ ಕತ್ತಿಗೂ ಹೆಗಲಿಗೂ ನಡುವಿನ ಅಂತರ ಹಿಗ್ಗಿ ಈ ನರಗಳು ಜಗ್ಗುತ್ತವೆ. ಸಾವಿರ ಹೆರಿಗೆಗೆ ಸುಮಾರು ಒಂದು ಮಗುವಿಗೆ ಹೀಗಾಗುತ್ತದೆ. ದೊಡ್ಡ ಮಗು, ತಾಯಿಗೆ ಸಕ್ಕರೆ ಕಾಯಿಲೆ, ವ್ಯಾಕ್ಯೂಮ್ ಅಥವಾ ಫೋರ್ಸೆಪ್ಸ್ ಹೆರಿಗೆ ಇದ್ದಾಗ ಅಪಾಯ ಹೆಚ್ಚು. ಇವು ಯಾವುವೂ ಇಲ್ಲದ ಹೆರಿಗೆಯಲ್ಲೂ, ಅಪರೂಪಕ್ಕೆ ಸಿಸೇರಿಯನ್‌ನಲ್ಲೂ ಆಗಬಹುದು.

ಜಗ್ಗಿದ ನರದ ಸ್ಥಿತಿ ನಾಲ್ಕು ಬಗೆ. ಬರೀ ಎಳೆತವಾದರೆ ಕೆಲವೇ ವಾರಗಳಲ್ಲಿ ಚಲನೆ ಮರಳುತ್ತದೆ. ಒಳಗಿನ ಎಳೆಗಳು ತುಂಡಾಗಿ ಹೊರಕವಚ ಉಳಿದಿದ್ದರೆ ಎಳೆಗಳು ದಿನಕ್ಕೆ ಸುಮಾರು 1 ಮಿಲಿಮೀಟರಿನಂತೆ ಮತ್ತೆ ಬೆಳೆಯುತ್ತವೆ. ನರವೇ ಹರಿದಿದ್ದರೆ ಹರಿದ ಜಾಗದಲ್ಲಿ ಗಂಟು ಕಟ್ಟಿ ದಾರಿ ಮುಚ್ಚುತ್ತದೆ. ಬೇರು ಬೆನ್ನುಹುರಿಯಿಂದಲೇ ಕಿತ್ತು ಬಂದಿದ್ದರೆ ಅದು ತಾನಾಗಿ ಎಂದೂ ಕೂಡುವುದಿಲ್ಲ. ಹುಟ್ಟಿದ ದಿನ ಜೋತು ಬಿದ್ದ ಕೈ ನೋಡಿ ಇವುಗಳಲ್ಲಿ ಯಾವುದು ಎಂದು ಹೇಳುವುದು ಬಹಳ ಕಷ್ಟ. ಎಳೆ ಮಕ್ಕಳಲ್ಲಿ ಸ್ನಾಯುಗಳ ವಿದ್ಯುತ್ ಚಟುವಟಿಕೆ ಅಳೆಯುವ ಇಎಂಜಿ ಪರೀಕ್ಷೆ ಇರುವುದಕ್ಕಿಂತ ಒಳ್ಳೆಯ ಚಿತ್ರ ಕೊಟ್ಟು ದಾರಿ ತಪ್ಪಿಸುವುದೂ ಉಂಟು. ನಂಬಬಹುದಾದ ಪರೀಕ್ಷೆ ಎಂದರೆ ಯಾವ ಸ್ನಾಯು ಯಾವ ತಿಂಗಳಲ್ಲಿ ಕೆಲಸ ಶುರುಮಾಡಿತು ಎಂಬ ದಾಖಲೆ. ಮೊಣಕೈ ಮಡಚುವ ಬೈಸೆಪ್ಸ್ 2 ತಿಂಗಳೊಳಗೆ ಭೂಮಿಯ ಸೆಳೆತ ಮೀರಿ ಮುಂಗೈ ಎತ್ತುವಷ್ಟು ಎಚ್ಚೆತ್ತರೆ ಕೈ ಹೆಚ್ಚುಕಡಿಮೆ ಪೂರ್ತಿ ಚೇತರಿಸಿಕೊಳ್ಳುವ ನಿರೀಕ್ಷೆ ಇಟ್ಟುಕೊಳ್ಳಬಹುದು. 3 ತಿಂಗಳಾದರೂ ಎಚ್ಚರಗೊಳ್ಳದಿದ್ದರೆ ನರಶಸ್ತ್ರಚಿಕಿತ್ಸಕರು ನೋಡಲೇಬೇಕು. ನಮ್ಮ ಲಸಿಕೆ ಪಟ್ಟಿಯ 14ನೇ ವಾರ ಸರಿಯಾಗಿ ಈ ಮೂರು ತಿಂಗಳ ಅಂಚಿಗೇ ಬರುತ್ತದೆ. ಪೆಂಟಾವೇಲೆಂಟ್ ಮೂರನೇ ಡೋಸಿಗೆಂದು ತಾಯಿ ಹೇಗೂ ಬಂದಿರುತ್ತಾಳೆ, ಮಗುವೂ ಮಡಿಲಲ್ಲೇ ಇರುತ್ತದೆ.

ಮೊದಲ ದಿನದ ತಪಾಸಣೆಗೆ ಎರಡು ನಿಮಿಷ ಸಾಕು. ಮಗುವಿನ ತಲೆಯನ್ನು ಅಂಗೈಯಲ್ಲಿ ಆನಿಸಿಕೊಂಡು ತುಸುವೇ ಹಿಂದಕ್ಕೆ ಇಳಿಸಿದರೆ ಕೂಸು ಬೆಚ್ಚಿ ಎರಡೂ ಕೈ ಚಾಚುತ್ತದೆ. ಪೆಟ್ಟಾದ ಕೈ ಚಾಚುವುದಿಲ್ಲ. ಆಮೇಲೆ ಅಂಗೈಗೆ ಬೆರಳು ಕೊಟ್ಟು ನೋಡಬೇಕು. ಹಿಡಿತ ಇದೆ, ಹೆಗಲು ಮೊಣಕೈ ಮಾತ್ರ ಆಡುತ್ತಿಲ್ಲ ಎಂದರೆ ಮೇಲಿನ ಬೇರುಗಳ ಪೆಟ್ಟು. 1874ರಲ್ಲಿ ಇದನ್ನು ವಿವರಿಸಿದ ಜರ್ಮನ್ ವೈದ್ಯ ವಿಲ್‌ಹೆಲ್ಮ್ ಎರ್ಬ್ ಹೆಸರಿನಿಂದ ಎರ್ಬ್ಸ್ ಪಾಲ್ಸಿ ಎನ್ನುತ್ತಾರೆ. ಬೆರಳುಗಳೂ ಸಡಿಲವಾಗಿದ್ದರೆ ಐದೂ ಬೇರುಗಳಿಗೆ ಪೆಟ್ಟಾಗಿದೆ. ಆಗ ಕಣ್ಣು ನೋಡಿ. ಅದೇ ಪಕ್ಕದ ರೆಪ್ಪೆ ಇಳಿಬಿದ್ದು ಕಣ್ಣಪಾಪೆ ಕಿರಿದಾಗಿದ್ದರೆ ಕೆಳಗಿನ ಬೇರು ಕಿತ್ತಿರುವ ಸಂಭವ ಬಲವಾಗಿದೆ. ಈ ಮಗು 14ನೇ ವಾರದವರೆಗೆ ಕಾಯಬಾರದು, ಮೊದಲ ತಿಂಗಳಲ್ಲೇ ತಜ್ಞರ ಬಳಿ ಹೋಗಬೇಕು. ಉಸಿರಾಡುವಾಗ ಎದೆಯ ಎರಡೂ ಪಕ್ಕ ಸಮನಾಗಿ ಏಳದಿದ್ದರೆ ವಪೆಯ (ಎದೆ ಹೊಟ್ಟೆಗಳ ನಡುವಿನ ಉಸಿರಾಟದ ಸ್ನಾಯುವಿನ) ನರಕ್ಕೂ ಪೆಟ್ಟಾಗಿದೆಯೇ ಎಂದು ನೋಡಬೇಕು.

ಕೈ ಆಡಿಸದ ಶಿಶುಗಳಿಗೆಲ್ಲ ನರದ ಪೆಟ್ಟೇ ಆಗಿರಬೇಕೆಂದಿಲ್ಲ. ಕಾಲರ್ ಬೋನ್ ಅಥವಾ ರಟ್ಟೆಯ ಮೂಳೆ ಮುರಿದಿದ್ದರೆ ನೋವಿಗೆ ಮಗು ಕೈ ಆಡಿಸುವುದಿಲ್ಲ. ಮುಟ್ಟಿದರೆ ಚೀರುತ್ತದೆ, ಮೂಳೆಯ ಮೇಲೆ ಬೆರಳಾಡಿಸಿದರೆ ಕರಕರ ಎನ್ನುತ್ತದೆ. ಒಂದು ಎಕ್ಸ್‌ರೇ ಸಾಕು. ಎರಡೂ ಒಟ್ಟಿಗೆ ಇರಬಹುದು, ಹಾಗಾಗಿ ಮುರಿತ ಸಿಕ್ಕಿತೆಂದು ನರ ನೋಡುವುದನ್ನು ಬಿಡಬಾರದು. ಹುಟ್ಟಿದಾಗ ಚೆನ್ನಾಗಿ ಆಡುತ್ತಿದ್ದ ಕೈ ಹತ್ತು ಹದಿನೈದು ದಿನದ ಮೇಲೆ ನಿಂತರೆ ಅದು ಹೆರಿಗೆಯ ಪೆಟ್ಟಲ್ಲ. ಕೀಲಿಗೋ ಮೂಳೆಗೋ ಸೋಂಕು ಸೇರಿರಬಹುದು. ಅಂದೇ ಆಸ್ಪತ್ರೆಗೆ ಸೇರಿಸಬೇಕು. ಹುಟ್ಟಿದ ಕೂಡಲೇ ಬಿಸಿಜಿ ಹಾಕುವವರ ಕೈಯಲ್ಲಿ ಮಗುವಿನ ಎಡರಟ್ಟೆ ಇದ್ದೇ ಇರುತ್ತದೆ. ಚುಚ್ಚುವ ಮೊದಲು ಎರಡೂ ಕೈ ನೋಡಿ ಬರೆದಿಟ್ಟರೆ, ಆಮೇಲೆ ಸೂಜಿಯಿಂದಲೇ ಕೈ ಬಿತ್ತೆಂಬ ಅಪವಾದ ಲಸಿಕೆಗೂ ತಟ್ಟುವುದಿಲ್ಲ.

ಈಗ ಮನೆಯ ಮಾತು. ಪುನಶ್ಚೇತನದ ಮುಕ್ಕಾಲು ಪಾಲು ನಡೆಯುವುದು ಅಲ್ಲೇ. ಮೊದಲ 7ರಿಂದ 10 ದಿನ ಹೆಗಲಿಗೆ ವಿಶ್ರಾಂತಿ ಬೇಕು: ಮೊಣಕೈ ಮಡಚಿ, ಮುಂಗೈಯನ್ನು ಹೊಟ್ಟೆಯ ಮೇಲಿಟ್ಟು, ಮೆತ್ತನೆಯ ಹಳೇ ಪಂಚೆಯ ಬಟ್ಟೆಯಲ್ಲಿ ಸಡಿಲವಾಗಿ ಸುತ್ತಬೇಕು. ಮೂಳೆಯೂ ಮುರಿದಿದ್ದರೆ ಸುಮಾರು 3 ವಾರ. ಬೆರಳು, ಮಣಿಕಟ್ಟುಗಳನ್ನು ಈ ದಿನಗಳಲ್ಲೂ ಮೆಲ್ಲಗೆ ಬಿಡಿಸಬಹುದು. ಕಟ್ಟನ್ನು ತಿಂಗಳುಗಟ್ಟಲೆ ಬಿಟ್ಟರೆ ಕೀಲು ಬಿಗಿಯುತ್ತದೆ. ಹಿಂದೆ ಕೈಯನ್ನು ತಲೆಯ ಪಕ್ಕಕ್ಕೆ ಎತ್ತಿ ಕಟ್ಟುವ ಪದ್ಧತಿ ಇತ್ತು. ಅದರಿಂದ ಕೈ ಪಕ್ಕಕ್ಕೆ ಇಳಿಯದಂತೆ ಹೆಗಲು ಬಿಗಿದುಕೊಂಡದ್ದೇ ಹೆಚ್ಚು, ಈಗ ಅದನ್ನು ಬಿಟ್ಟಿದ್ದಾರೆ.

ವಿಶ್ರಾಂತಿ ಮುಗಿದ ಮೇಲೆ ಬಟ್ಟೆ ಬದಲಿಸುವಾಗಲೆಲ್ಲ, ಕಡಿಮೆ ಎಂದರೂ ದಿನಕ್ಕೆ 4 ಸಲ, ಕೈ ಆಡಿಸಬೇಕು. ಎಲ್ಲಕ್ಕಿಂತ ಮುಖ್ಯವಾದ ಚಲನೆ ಒಂದಿದೆ, ಬಹಳ ಮನೆಗಳಲ್ಲಿ ತಪ್ಪಿಹೋಗುವುದೂ ಅದೇ. ಮಗುವನ್ನು ಅಂಗಾತ ಮಲಗಿಸಿ, ರಟ್ಟೆಯನ್ನು ಪಕ್ಕೆಗೆ ತಾಗಿಸಿ ಹಿಡಿಯಿರಿ. ಮೊಣಕೈಯನ್ನು ಎಲ್ ಆಕಾರಕ್ಕೆ ಮಡಚಿ, ಮುಂಗೈಯನ್ನು ಹೊಟ್ಟೆಯ ಕಡೆಯಿಂದ ಹೊರಕ್ಕೆ, ಹಾಸಿಗೆಯ ಕಡೆಗೆ, ಬಾಗಿಲು ತೆರೆದ ಹಾಗೆ ತಿರುಗಿಸಿ. ತಡೆ ಸಿಕ್ಕಲ್ಲಿ ನಿಲ್ಲಿಸಿ 10 ಎಣಿಸಿ, ಬಿಡಿ. ಹೀಗೆ 5 ಸಲ. ರಟ್ಟೆ ಪಕ್ಕೆಯಿಂದ ಎದ್ದರೆ ಹೆಗಲಿಗೆ ಬೇಕಾದ ಎಳೆತವೇ ಸಿಗುವುದಿಲ್ಲ.

ಕೈಯನ್ನು ಮೇಲಕ್ಕೆತ್ತುವಾಗಲೂ ಇಂಥದೇ ಒಂದು ಮೋಸವಿದೆ. ಬೆನ್ನ ಮೇಲಿನ ಚಪ್ಪಟೆ ಮೂಳೆ, ಅಂದರೆ ಸ್ಕ್ಯಾಪುಲಾ, ಕೈಯ ಜೊತೆಗೆ ಜಾರಿ ಬರುತ್ತದೆ. ನೋಡುವವರಿಗೆ ಕೈ ಕಿವಿಯ ತನಕ ಹೋದಂತೆ ಕಂಡರೂ ಹೆಗಲ ಕೀಲು ಅರ್ಧದಷ್ಟೂ ತೆರೆದಿರುವುದಿಲ್ಲ. ಒಂದು ಕೈಯ ಬೆರಳುಗಳಿಂದ ಕಂಕುಳ ಹಿಂದಿನ ಮೂಳೆಯಂಚನ್ನು ಒತ್ತಿ ಹಿಡಿದು, ಇನ್ನೊಂದರಿಂದ ರಟ್ಟೆ ಎತ್ತಬೇಕು. ತಾಯಿಯ ಬೆರಳಡಿಯಲ್ಲಿ ಆ ಅಂಚು ಅಲ್ಲಾಡದೆ ನಿಂತರೆ ಎಳೆತ ಸರಿಯಾದ ಜಾಗಕ್ಕೆ ಬಿದ್ದಿದೆ ಎಂದರ್ಥ. ಇದನ್ನು ಬಾಯಲ್ಲಿ ಹೇಳಿದರೆ ಸಾಲದು, ತಾಯಿಯ ಬೆರಳನ್ನೇ ಆ ಅಂಚಿನ ಮೇಲಿಟ್ಟು ಕಲಿಸಬೇಕು. ಉಳಿದಂತೆ ಅಂಗೈ ಮೇಲೆ ಬರುವಂತೆ ಮುಂಗೈ ತಿರುಗಿಸುವುದು, ಮೊಣಕೈ ನೀಡಿ ಮಡಚುವುದು, ಮಣಿಕಟ್ಟು ಹಿಂದಕ್ಕೆ ಬಾಗಿಸುವುದು, ಹೆಬ್ಬೆರಳು ಬಿಡಿಸುವುದು. ಮಗು ಮುಖ ಕಿವುಚಿದರೆ ನಿಧಾನಿಸಬೇಕು, ಚೀರಿದರೆ ನಿಲ್ಲಿಸಬೇಕು.

ಬಾಣಂತಿ ಮನೆಯ ಎಣ್ಣೆ-ನೀರಿನ ಬಗ್ಗೆ ಸ್ಪಷ್ಟ ಸೂಚನೆ ಬೇಕು. ಕಾಲು ಚಾಚಿ ಕೂತ ಅಜ್ಜಿ ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ತಿಕ್ಕುವುದರಲ್ಲಿ ಯಾವ ದೋಷವೂ ಇಲ್ಲ. ಆದರೆ ಮೈ ಸಡಿಲವಾಗಲೆಂದು ಎರಡೂ ಕೈಗಳನ್ನು ಎದೆಯ ಮೇಲೆ ಅಡ್ಡಡ್ಡ ಎಳೆಯುವುದು, ಮುಂಗೈ ಹಿಡಿದು ಎತ್ತುವುದು, ಕಂಕುಳಿಗೆ ಕೈ ಹಾಕಿ ತೂಗುವುದು ಈ ಮಕ್ಕಳಿಗೆ ಕೂಡದು. ಅಡ್ಡಡ್ಡ ಎಳೆದಾಗ ಹೆಗಲು ಒಳಕ್ಕೆ ತಿರುಗುತ್ತದೆ, ಬಿಗಿತ ಬರುವುದೂ ಅದೇ ದಿಕ್ಕಿಗೆ. ಮಗುವನ್ನು ಎತ್ತುವಾಗ ಒಂದು ಕೈ ಕತ್ತಿನ ಕೆಳಗೆ, ಇನ್ನೊಂದು ಪಿರ್ರೆಯ ಕೆಳಗೆ ಇರಬೇಕು. ಅಂಗಿ ತೊಡಿಸುವಾಗ ಪೆಟ್ಟಾದ ಕೈ ಮೊದಲು, ತೆಗೆಯುವಾಗ ಅದು ಕೊನೆಗೆ. ಸ್ಪರ್ಶವೂ ಮಂಕಾಗಿರಬಹುದು. ನೀರಿನ ಬಿಸಿಯನ್ನು ದೊಡ್ಡವರು ತಮ್ಮ ಮೊಣಕೈ ಅದ್ದಿ ನೋಡಬೇಕು, ಸಾಂಬ್ರಾಣಿ ಕೆಂಡ ಆ ಕೈಗೆ ಸಮೀಪ ಬರಬಾರದು. ದೃಷ್ಟಿಬಳೆ, ಕಪ್ಪುಮಣಿ ದಾರ ಬಿಗಿಯಾದರೂ ಕೂಸಿಗೆ ತಿಳಿಯುವುದಿಲ್ಲ, ಗುರುತು ಬಿದ್ದಿದೆಯೇ ಎಂದು ದಿನಾ ನೋಡಬೇಕು. ಹಲ್ಲು ಬಂದ ಮೇಲೆ ಕೆಲವು ಮಕ್ಕಳು ಆ ಕೈಯ ಬೆರಳನ್ನು ಗಾಯವಾಗುವಷ್ಟು ಕಚ್ಚುತ್ತವೆ. ಮೆತ್ತನೆಯ ಹತ್ತಿಯ ಕೈಗವಸು ತೊಡಿಸಿ ವೈದ್ಯರಿಗೆ ತಿಳಿಸಬೇಕು.

ಇಷ್ಟು ಮಾಡುತ್ತಿರುವಾಗಲೇ ಲಸಿಕೆಯ ದಿನಗಳು ಬರುತ್ತವೆ. ಮೊಣಕೈ ನೋಡುವುದು ಸುಲಭ, ಮೋಸ ಹೋಗುವುದೂ ಸುಲಭ. ಅಂಗಾತ ಮಲಗಿದ ಮಗುವಿನ ಮುಂಗೈ ಅರ್ಧ ಎದ್ದರೆ ಸಾಕು, ಮಿಕ್ಕರ್ಧ ಭೂಮಿಯ ಸೆಳೆತಕ್ಕೇ ಎದೆಯ ಮೇಲೆ ಬೀಳುತ್ತದೆ. ಅದನ್ನು “ಮಡಚಿತು” ಎಂದು ಬರೆದರೆ ಒಂದು ಮಗುವಿನ ಗಡುವು ಕಳೆದುಹೋಗುತ್ತದೆ. ತಾಯಿಯ ತೊಡೆಯ ಮೇಲೆ ಬೆನ್ನಿಗೆ ಆಸರೆ ಕೊಟ್ಟು ಕೂರಿಸಿ, ಚೆನ್ನಾಗಿರುವ ಕೈಯನ್ನು ಮೆಲ್ಲಗೆ ಹಿಡಿದುಕೊಂಡು, ಗಿಲಕಿಯನ್ನು ಬಾಯಿಯ ಎತ್ತರಕ್ಕೆ ತನ್ನಿ. ರಟ್ಟೆಯ ಮೇಲೆ ಒಂದು ಬೆರಳಿಟ್ಟರೆ ಬೈಸೆಪ್ಸ್ ಗಟ್ಟಿಯಾಗುವುದು ತಿಳಿಯುತ್ತದೆ. ಕೂತ ಭಂಗಿಯಲ್ಲಿ ಮುಂಗೈ ಮೇಲಕ್ಕೆದ್ದರೆ ಮಾತ್ರ “ಹೌದು”. ಲಸಿಕೆ ಚುಚ್ಚಿದ ಮೇಲೆ ಅಳುವ ಮಗುವನ್ನು ನೋಡಿ ಪ್ರಯೋಜನವಿಲ್ಲ. ಇದು ಸೂಜಿಗೆ ಮೊದಲೇ ಆಗಬೇಕು.

ಜಿಲ್ಲಾ ಮಟ್ಟದ ಚಿಕಿತ್ಸಕರು ಆ್ಯಕ್ಟಿವ್ ಮೂವ್‌ಮೆಂಟ್ ಸ್ಕೇಲ್ ಪ್ರಕಾರ ತಿಂಗಳಿಗೊಮ್ಮೆ 15 ಚಲನೆಗಳಿಗೆ 0ರಿಂದ 7ರವರೆಗೆ ಅಂಕ ಬರೆಯಲಿ. ಭೂಮಿಯ ಸೆಳೆತ ತಪ್ಪಿಸಿದ ಭಂಗಿಯಲ್ಲಿ ಪೂರ್ತಿ ಚಲನೆ ಬಂದರೆ 4. ಆ 4 ಸಿಗುವ ತನಕ 5, 6, 7 ಕೊಡುವಂತಿಲ್ಲ. ಈ ನಿಯಮ ಮರೆತ ಚೀಟಿಗಳಲ್ಲಿ ಕೈ ಇರುವುದಕ್ಕಿಂತ ಚೆನ್ನಾಗಿ ಕಾಣುತ್ತದೆ. 9ನೇ ತಿಂಗಳ ಎಂಆರ್ (ದಡಾರ-ರುಬೆಲ್ಲಾ) ಲಸಿಕೆಯ ದಿನ ಇನ್ನೊಂದು ಪರೀಕ್ಷೆ: ರಟ್ಟೆಯನ್ನು ಪಕ್ಕೆಗೆ ಹಿಡಿದು ಕೈಗೆ ಬಿಸ್ಕತ್ ಕೊಡಿ. ಕತ್ತನ್ನು 45 ಡಿಗ್ರಿಗಿಂತ ಹೆಚ್ಚು ಬಗ್ಗಿಸದೆ ಬಿಸ್ಕತ್ ಬಾಯಿಗೆ ತಲುಪಬೇಕು. ಕೈ ಬಾರದೆ ಬಾಯಿಯೇ ಕೈಯ ಬಳಿ ಹೋದರೆ ಆ ಮಗು ಪಾಸಾಗಿಲ್ಲ.

ನರ ಚೇತರಿಸಿಕೊಂಡ ಮಕ್ಕಳಲ್ಲೂ ಹೆಗಲು ಕೈಕೊಡುವುದು ಏಕೆಂದು ಹೇಳಬೇಕು, ಇಲ್ಲಿ ವೈದ್ಯರೂ ಎಡವುತ್ತಾರೆ. ಹೆಗಲನ್ನು ಒಳಕ್ಕೆ ತಿರುಗಿಸುವ ಸ್ನಾಯುಗಳಿಗೆ ಕೆಳಗಿನ ಬೇರುಗಳಿಂದಲೂ ನರ ಬರುವುದರಿಂದ ಅವು ಬಲವಾಗಿಯೇ ಉಳಿಯುತ್ತವೆ. ಹೊರಕ್ಕೆ ತಿರುಗಿಸುವವು ಮಲಗಿರುತ್ತವೆ. ಹಗಲೂ ರಾತ್ರಿ ಒಂದೇ ಕಡೆಯ ಎಳೆತಕ್ಕೆ ಸಿಕ್ಕಿದ ಮೆದು ಮೂಳೆಯ ತಲೆ ತನ್ನ ಬಟ್ಟಲಿನ ಹಿಂದಕ್ಕೆ ಸರಿಯುತ್ತದೆ, ಬಟ್ಟಲು ಸಮತಟ್ಟಾಗುತ್ತದೆ. ಹುಟ್ಟಿದ ಮೂರು ನಾಲ್ಕು ತಿಂಗಳಲ್ಲೇ ಇದು ಶುರುವಾಗಬಹುದು. ಎಳೆಯ ಮೂಳೆತಲೆ ಇನ್ನೂ ಮೃದ್ವಸ್ಥಿಯಾಗಿರುವುದರಿಂದ ಎಕ್ಸ್‌ರೇಯಲ್ಲಿ ಕಾಣುವುದಿಲ್ಲ, ಅಲ್ಟ್ರಾಸೌಂಡ್‌ನಲ್ಲಿ ಕಾಣುತ್ತದೆ. ಬಾಗಿಲು ತೆರೆಯುವ ಆ ಚಲನೆ ಇನ್ನೊಂದು ಕೈಗೆ ಹೋಲಿಸಿದರೆ ತಿಂಗಳಿಂದ ತಿಂಗಳಿಗೆ ಕುಗ್ಗುತ್ತಿದ್ದರೆ, ಕಂಕುಳ ಮಡಿಕೆ ಎರಡೂ ಕಡೆ ಬೇರೆಯಾಗಿ ಕಂಡರೆ, ಅಲ್ಟ್ರಾಸೌಂಡ್ ಮಾಡಿಸಲೇಬೇಕು. ಬೇಗ ಸಿಕ್ಕರೆ ಬಿಗಿ ಸ್ನಾಯುಗಳನ್ನು ಸಡಿಲಿಸುವ ಬೊಟುಲಿನಮ್ ಇಂಜೆಕ್ಷನ್ ಕೊಟ್ಟು, ಕೀಲು ಕೂರಿಸಿ, ಕೈ ಹೊರಕ್ಕೆ ತಿರುಗಿದ ಸ್ಥಿತಿಯಲ್ಲಿ ಪ್ಲಾಸ್ಟರ್ ಹಾಕಿದರೆ ಉಳಿಸಿಕೊಳ್ಳಬಹುದು. ತಡವಾದರೆ ಸ್ನಾಯು ಜೋಡಣೆ, ಮೂಳೆ ಕೊಯ್ದು ತಿರುಗಿಸುವ ದೊಡ್ಡ ಶಸ್ತ್ರಚಿಕಿತ್ಸೆಗಳೇ ಗತಿ.

ನರದ ಶಸ್ತ್ರಚಿಕಿತ್ಸೆ ಸಾಮಾನ್ಯವಾಗಿ 3ರಿಂದ 9 ತಿಂಗಳ ನಡುವೆ ನಡೆಯುತ್ತದೆ. ಗಂಟು ಕಟ್ಟಿದ ಭಾಗ ತೆಗೆದು ಕಾಲಿನ ಸೂರಲ್ ನರದ ತುಂಡು ಕೂಡಿಸುತ್ತಾರೆ, ಅಥವಾ ಪಕ್ಕದ ಕೆಲಸ ಮಾಡುವ ನರದ ಒಂದು ಎಳೆಯನ್ನು ತಿರುಗಿಸುತ್ತಾರೆ. ಒಂದೂವರೆ ವರ್ಷದಷ್ಟು ನರವಿಲ್ಲದೆ ಉಳಿದ ಸ್ನಾಯು ಕೊಬ್ಬು-ನಾರಾಗಿ ಬದಲಾಗಿರುತ್ತದೆ, ಆಮೇಲೆ ನರ ತಲುಪಿದರೂ ಎಬ್ಬಿಸಲಾಗದು. ಆಪರೇಷನ್ ಆದ ಮಾರನೆಯ ದಿನ ಕೈ ಏಳುವುದಿಲ್ಲ, ನರ ಬೆಳೆದು ಸ್ನಾಯು ಮುಟ್ಟಲು ತಿಂಗಳುಗಳೇ ಬೇಕು ಎಂದು ಮನೆಯವರಿಗೆ ಮೊದಲೇ ಹೇಳಬೇಕು. ಹೇಳದೆ ಇದ್ದಾಗ “ಆಪರೇಷನ್ ಫೇಲ್” ಎಂದುಕೊಂಡು ವ್ಯಾಯಾಮ ಬಿಡುತ್ತಾರೆ.

ನಮ್ಮ ರಾಜ್ಯದಲ್ಲಿ ಈ ಗಡುವು ಜಾರುವುದಕ್ಕೆ ಒಂದು ವಿಶೇಷ ಕಾರಣವಿದೆ. ಬಾಣಂತನ ತವರಲ್ಲಿ. 3, 7, 14, 21, 28, 42ನೇ ದಿನಗಳಲ್ಲಿ ಬಾಗಿಲಿಗೆ ಬರುವ ಆಶಾ ಕಾರ್ಯಕರ್ತೆ ತವರೂರಿನವರು. ಮೂರನೇ ತಿಂಗಳಿಗೋ ಐದನೇ ತಿಂಗಳಿಗೋ ಮಗುವನ್ನು ಗಂಡನ ಮನೆಗೆ ಕಳಿಸುತ್ತಾರೆ, ಅಲ್ಲಿ ಆಶಾ ಬೇರೆ, ಉಪಕೇಂದ್ರ ಬೇರೆ, ಕೆಲವೊಮ್ಮೆ ಜಿಲ್ಲೆಯೇ ಬೇರೆ. ನಿರ್ಧಾರದ ವಾರದಲ್ಲೇ ಮಗು ಊರು ಬದಲಿಸಿರುತ್ತದೆ. ಎರಡೂ ಊರಿನ ಆಶಾಗಳ ಕೈಗೆ ಸಿಗುವ ಕಾಗದ ತಾಯಿ ಕಾರ್ಡ್ ಒಂದೇ. ಅದಕ್ಕೇ ಆ ಸಾಲು ರಿಜಿಸ್ಟರಿನಲ್ಲಿದ್ದರೆ ಸಾಲದು, ಕಾರ್ಡಿನಲ್ಲೇ ಇರಬೇಕು ಎಂದು ಪಟ್ಟು ಹಿಡಿದು ಕೇಳುತ್ತಿದ್ದೇವೆ.

2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಜನ್ಮದೋಷಗಳ ಪಟ್ಟಿಯಲ್ಲಿ ಒಂಬತ್ತು ಹೆಸರುಗಳಿವೆ. ಸೀಳು ತುಟಿ, ಕ್ಲಬ್‌ಫುಟ್, ಸೊಂಟದ ಕೀಲಿನ ದೋಷ ಅಲ್ಲಿವೆ. ಕೈನರದ ಈ ತೊಂದರೆ ದೋಷವಲ್ಲ, ಪೆಟ್ಟು. ಹಾಗಾಗಿ ಆ ಒಂಬತ್ತರಲ್ಲಿ ಇಲ್ಲ. ಪಟ್ಟಿ ಬದಲಾಗುವವರೆಗೆ ಕಾಯಬೇಕಿಲ್ಲ. ರಾಜ್ಯ ಮಟ್ಟದ ಒಂದು ಸುತ್ತೋಲೆಯಲ್ಲಿ ಈ ಮಕ್ಕಳನ್ನು ಜಿಲ್ಲಾಸ್ಪತ್ರೆಯ ಡಿಇಐಸಿಗೆ (ಮಕ್ಕಳ ತೊಂದರೆಗಳಿಗೆ ಬೇಗನೆ ಚಿಕಿತ್ಸೆ ಕೊಡುವ ಜಿಲ್ಲಾ ಕೇಂದ್ರಕ್ಕೆ) ಕಳಿಸುವವರ ಪಟ್ಟಿಗೆ ಸೇರಿಸಬಹುದು, ಕ್ಲಬ್‌ಫುಟ್ ಮಕ್ಕಳು ಬರುವ ದಿನವೇ ಇವರನ್ನೂ ಕರೆಯಬಹುದು. ನರಶಸ್ತ್ರಚಿಕಿತ್ಸೆ ಮಾಡುವ ಆಸ್ಪತ್ರೆಗಳ ಹೆಸರು, ಹೊರರೋಗಿ ದಿನ, ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಡಿ ಯಾವ ಚಿಕಿತ್ಸೆಗೆ ಯಾವ ರೆಫರಲ್ ಬೇಕು ಎಂಬುದನ್ನು ಕನ್ನಡದಲ್ಲಿ ಒಂದು ಪುಟ ಮಾಡಿ ಪ್ರತಿ ತಾಲ್ಲೂಕು ಆಸ್ಪತ್ರೆಯ ಲಸಿಕೆ ಕೊಠಡಿಯಲ್ಲಿ ಅಂಟಿಸಿ. ಜನನಿ ಶಿಶು ಸುರಕ್ಷಾ ಕಾರ್ಯಕ್ರಮದ ಉಚಿತ ಸಾರಿಗೆ ಈ ಶಿಶುಗಳಿಗೂ ಸಿಗುತ್ತದೆ ಎಂದು ಸ್ಪಷ್ಟವಾಗಿ ಬರೆಯಿಸಿ.

ಹೆರಿಗೆ ಕೊಠಡಿಯ ಬಗ್ಗೆ ಎರಡೇ ಮಾತು. ಹೆಗಲು ಸಿಕ್ಕಿಕೊಂಡಾಗ ತಲೆ ಎಳೆಯಬಾರದು, ಹೊಟ್ಟೆಯ ಮೇಲ್ಭಾಗ ಒತ್ತಬಾರದು. ತಾಯಿಯ ತೊಡೆಗಳನ್ನು ಹೊಟ್ಟೆಯ ಕಡೆ ಚೆನ್ನಾಗಿ ಮಡಚಿ, ಕಿಬ್ಬೊಟ್ಟೆಯ ಎಲುಬಿನ ಮೇಲ್ಗಡೆ ಒತ್ತಿ, ಆಗಲೂ ಬಾರದಿದ್ದರೆ ತಾಯಿಯ ಬೆನ್ನಿನ ಕಡೆಗಿರುವ ಮಗುವಿನ ಕೈಯನ್ನು ಮೊದಲು ಹೊರತರಬೇಕು. ಹೆರಿಗೆ ಕೊಠಡಿಗಳ ಗುಣಮಟ್ಟ ಸುಧಾರಿಸುವ ಲಕ್ಷ್ಯ ಕಾರ್ಯಕ್ರಮದಡಿ ಗೊಂಬೆಯ ಮೇಲೆ ಇದರ ಅಭ್ಯಾಸ ಮತ್ತೆ ಮತ್ತೆ ನಡೆಯಲಿ. ಇನ್ನೊಂದು, ತಪ್ಪು ತಮ್ಮ ತಲೆಗೆ ಬರುತ್ತದೆಂಬ ಹೆದರಿಕೆಯಿಂದ ಡಿಸ್‌ಚಾರ್ಜ್ ಚೀಟಿಯಲ್ಲಿ ಇದನ್ನು ಬರೆಯದೇ ಬಿಡುವುದುಂಟು. ಎಚ್ಚರ ತಪ್ಪದೆ ಮಾಡಿಸಿದ ಹೆರಿಗೆಯಲ್ಲೂ ಹೀಗಾಗುತ್ತದೆ. ಬರೆದವರನ್ನು ವಿಚಾರಣೆಗೆ ಎಳೆಯುವುದಿಲ್ಲ ಎಂದು ಇಲಾಖೆ ಭರವಸೆ ಕೊಟ್ಟರೆ ಚೀಟಿಯಲ್ಲಿ ನಿಜ ಮೂಡುತ್ತದೆ, ಮಗುವಿಗೆ ಮೂರು ತಿಂಗಳು ಉಳಿಯುತ್ತದೆ.

ಕಾರ್ಡಿನಲ್ಲಿ ಅಚ್ಚಾಗಬೇಕಾದದ್ದು ಇಷ್ಟು. ಅಂಗೈಯಗಲದ ಜಾಗ ಸಾಕು:

ಹುಟ್ಟಿದಾಗ ಎರಡೂ ಕೈ ಸಮನಾಗಿ ಆಡುತ್ತಿವೆಯೇ? ಹೌದು / ಇಲ್ಲ. ಇಲ್ಲದಿದ್ದರೆ ಯಾವ ಕೈ: ಎಡ / ಬಲ. ಬೆರಳ ಹಿಡಿತ: ಇದೆ / ಇಲ್ಲ. ಆ ಪಕ್ಕದ ಕಣ್ಣುರೆಪ್ಪೆ ಇಳಿದಿದೆಯೇ: ಹೌದು / ಇಲ್ಲ.
ಕೂರಿಸಿದಾಗ ಮೊಣಕೈ ಮಡಚಿ ಮುಂಗೈ ಎತ್ತುತ್ತದೆಯೇ? 6ನೇ ವಾರ: ಹೌದು / ಇಲ್ಲ. 10ನೇ ವಾರ: ಹೌದು / ಇಲ್ಲ. 14ನೇ ವಾರ: ಹೌದು / ಇಲ್ಲ.
14ನೇ ವಾರ ‘ಇಲ್ಲ’ ಎಂದಾದರೆ ಕಳಿಸಿದ ಆಸ್ಪತ್ರೆ: ____ ದಿನಾಂಕ: ____ ತಲುಪಿದ ದಿನಾಂಕ: ____

ಇಂತಿ,
ಮಕ್ಕಳ ಪುನಶ್ಚೇತನ ಚಿಕಿತ್ಸೆಯಲ್ಲಿ ತೊಡಗಿರುವ ಫಿಸಿಯೋಥೆರಪಿಸ್ಟರು ಮತ್ತು ಆಕ್ಯುಪೇಷನಲ್ ಥೆರಪಿಸ್ಟರು